ನೂರ ಹದಿನೈದು

ಹುಣಸೆ ಕೊಂಬೆಗೆ ತಕ್ಕಡಿ ನೇತು ಹಾಕಿದ್ದೇನೆ.
ಕೆಳಗೆ ನೀಲಿ ಚಡ್ಡಿಯಂಥ ಚೀಲ, ಕಾಲಿಗೆರಡು ತೂತು.
ತೂಗುಬಿಟ್ಟ ಕೂಸುಗಳೆಲ್ಲ ಒಂದೇ ರಾಗದಲ್ಲಿ ಅಳುತ್ತವೆ.
ಅಳದಿರುವ ಕೂಸನ್ನು ಮೊದಲು ನೋಡು
ಎಂದಿದ್ದಳು, ಆಂಬೊವೊಂಬೆಯಲ್ಲಿ
ನನಗೆ ಕೆಲಸ ಕಲಿಸಿದ ನರ್ಸಮ್ಮ.

ರೆಮಾಸಿಯ ಮಗಳು ಅಳಲಿಲ್ಲ.

ಹುಟ್ಟಿದ್ದು ಯಾವಾಗ?
ಕಾರ್ಡಿಲ್ಲ. ತಾರೀಕಿನ ಗೊಡವೆ ತಾಯಿಗಿಲ್ಲ.
"ಮಿಡತೆ ಬಂದು ಹೋದಮೇಲೆ,
ಪಾಪಾಸುಕಳ್ಳಿ ಹಣ್ಣಾಗುವ ಮುಂಚೆ,
ಮಾವನ ಮಣ್ಣಿಗೆ ಎತ್ತು ಕಡಿದರಲ್ಲ, ಆ ವಾರ."
ಬೆರಳು ಮಡಿಸುತ್ತೇನೆ. ಇಪ್ಪತ್ತೆರಡು ತಿಂಗಳು,
ಒಂದು ಹೆಚ್ಚು ಕಮ್ಮಿ.

ಹಲಗೆಯ ಮೇಲೆ ಅಂಗಾತ ಮಲಗಿಸಿ
ತಲೆ ಅವಳು ಹಿಡಿದು, ಮೊಣಕಾಲು ನಾನು ಒತ್ತಿ
ಅಳೆದರೆ ಎಪ್ಪತ್ತೈದು ಸೆಂಟಿಮೀಟರು.
ವರ್ಷ ತುಂಬಿದ ಮಗುವಿನ ಉದ್ದ,
ಎರಡು ತುಂಬುತ್ತಿರುವವಳ ಕಣ್ಣು.
ತಕ್ಕಡಿ ಮುಳ್ಳು ಏಳು ಕಿಲೋ ಮುನ್ನೂರರ ಹತ್ತಿರ
ಕೆಂಪು ಮಣ್ಣಿನ ಗಾಳಿಗೆ ನಡುಗುತ್ತಿತ್ತು.
ಅಂಗೈಯಲ್ಲಿ ಗಾಳಿಗೆ ಮರೆ ಹಿಡಿದು ಓದಿಕೊಂಡೆ.

ತೂಕವನ್ನು ಪೂರ್ತಿ ನಂಬಬಾರದು.
ಹೋದ ಕಳ್ಳಿಹಣ್ಣಿನ ಕಾಲಕ್ಕೆ ಒಬ್ಬ ಅಜ್ಜಿ
ಮೊಮ್ಮಗನನ್ನು ಎತ್ತಿ ತಂದಿದ್ದಳು,
ಕೆನ್ನೆ ಗುಂಡು, ಪಾದ ಗುಂಡು,
ಕಣ್ಣು ಹಾಕಬೇಡ ಅಂತ ನನ್ನನ್ನೇ ಗದರಿದಳು.
ಪಾದದ ಮೇಲೆ ಹೆಬ್ಬೆರಳು ಊರಿ ಮೂರೆಣಿಸಿ ತೆಗೆದೆ.
ಕುಳಿ ಹಾಗೇ ಉಳಿಯಿತು,
ತೇವದ ಮರಳಲ್ಲಿ ಯಾರೋ ನಡೆದು ಹೋದಂತೆ.
ಮಾಂಸವಲ್ಲ, ನೀರು.
ಹನಿ ನೀರಿಲ್ಲದ ಊರಲ್ಲಿ ಮಗುವಿನ ಮೈತುಂಬ ನೀರು.
ನಮ್ಮ ನುಡಿಯಲ್ಲಿ ಬರದ ಹಸಿವಿಗೆ ಕೆರೆ ಎನ್ನುತ್ತೇವೆ.

ಇವಳ ಪಾದ ಒತ್ತಿದೆ. ಕುಳಿ ನಿಲ್ಲಲಿಲ್ಲ. ಸರಿ.

ಇನ್ನು ಉಳಿದದ್ದು ಪಟ್ಟಿ.
ಎಡತೋಳು, ಭುಜಕ್ಕೂ ಮೊಣಕೈಗೂ ನಡುಮಧ್ಯ,
ಬಿಗಿಯೂ ಬೇಡ, ಸಡಿಲವೂ ಬೇಡ.
ನೂರ ಹದಿನೈದರ ಕೆಳಗೆ ಕೆಂಪು.
ಅಲ್ಲಿಂದ ಹತ್ತು ಗೆರೆ ಹಳದಿ.
ಮುಂದೆಲ್ಲ ಹಸಿರು.

ತಾಯಂದಿರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.
ಕೆಂಪಿಗೆ ವಾರಕ್ಕಿಷ್ಟು ಶೇಂಗಾ ಪೇಸ್ಟಿನ ಪೊಟ್ಟಣ,
ಹಳದಿಗೆ ಹಿಟ್ಟು, ಲಾರಿ ಬಂದರೆ.
ಹಸಿರಿಗೆ ನನ್ನ ಉಪದೇಶ:
ದಿನಕ್ಕೊಂದು ಮೊಟ್ಟೆ, ಸೊಪ್ಪು, ಒಂದಿಷ್ಟು ಎಣ್ಣೆ.
ಬಟ್ಟೆಯ ಚಿತ್ರಪಟದಲ್ಲಿ ಮೊಟ್ಟೆ ಇರುವ ಜಾಗ
ಮಕ್ಕಳು ಮುಟ್ಟಿ ಮುಟ್ಟಿ ಕಪ್ಪಾಗಿದೆ.

"ಯಾವ ಬಣ್ಣ?"

ನೂರ ಹದಿನಾರು.

ಬಿಡಿಸಿ ಮತ್ತೆ ಸುತ್ತಿದೆ. ನೂರ ಹದಿನಾರು.
ಹೆಬ್ಬೆರಳು ಕೂದಲೆಳೆಯಷ್ಟು ಜಗ್ಗಿದರೆ ಸಾಕು.
ಜಗ್ಗಿದ್ದೇನೆ ಒಮ್ಮೆ, ತಂಗಿಯ ಮಗನಿಗೆ.
ಆ ತಿಂಗಳ ಕೊನೆಗೆ ಪೆಟ್ಟಿಗೆ ಖಾಲಿಯಾದಾಗ
ಎರಡು ಹಗಲು ನಡೆದು ಬಂದ ಹೆಂಗಸೊಬ್ಬಳು
ಜಗಲಿಯಲ್ಲಿ ಕೂತು ಹಾಗೇ ಎದ್ದು ಹೋದಳು.
ಅವಳ ಮಗುವಿನ ಅಂಕಿ ನನಗೆ ಇವತ್ತಿಗೂ ನೆನಪಿದೆ,
ಹೆಸರು ಕೇಳಿರಲಿಲ್ಲ.

"ಹಳದಿ," ಅಂದೆ.

ರೆಮಾಸಿ ಬಯ್ಯಲಿಲ್ಲ, ಬೇಡಲಿಲ್ಲ.
ಲುಂಗಿಯ ಅಂಚಿನಿಂದ ಮಗಳ ಮೂಗು ಒರೆಸಿ
ಮಳೆ ಯಾವಾಗ ಅಂತ ಕೇಳುವವರ ದನಿಯಲ್ಲಿ ಕೇಳಿದಳು:
"ಎಷ್ಟು ದಿನ ಕಾದರೆ ಕೆಂಪಾಗುತ್ತಾಳೆ?"

ಇದಕ್ಕೆ ತರಬೇತಿಯಲ್ಲಿ ಉತ್ತರ ಕೊಟ್ಟಿರಲಿಲ್ಲ.
ಗುರುವಾರ ಬಾ ಅಂದೆ.
ಪೆನ್ನು ಜೇಬಲ್ಲೇ ಇತ್ತು,
ನೂರ ಹದಿನಾರನ್ನು ಪೆನ್ಸಿಲಿನಲ್ಲಿ ಬರೆದೆ.

ಅಷ್ಟರಲ್ಲಿ ಹುಡುಗಿ, ಹೆಸರು ಹವಾಸೋವ,
ತೋಳಿನಿಂದ ಜಾರಿದ ಪಟ್ಟಿಯನ್ನು
ಬಾಯಿಗೆ ಹಾಕಿಕೊಂಡಿದ್ದಳು, ಹಸಿರು ತುದಿಯಿಂದ,
ಎರಡೇ ಹಲ್ಲಲ್ಲಿ ಕಚ್ಚಿ, ಜಗ್ಗಿ, ಕೊಡಲೊಲ್ಲದೆ.

ಫಾರಮಿನ ಕೊನೆಗೊಂದು ಖಾನೆ ಇದೆ:
ಮಗುವಿಗೆ ಹಸಿವಿದೆಯೇ?
ಇದೆ,
ಎಂದು ಬರೆದೆ. ಇದನ್ನು ಮಾತ್ರ ಪೆನ್ನಿನಲ್ಲಿ.