ಎಡಮಗ್ಗುಲು

ಅರಬೈಲು ಘಟ್ಟ ಇಳಿಯುವಾಗ
ನನ್ನ ಎದೆಯೊಳಗೆ ಯಾರೋ ಒಲೆ ಹೂಡಿದರು.
ರಾತ್ರಿ ಒಂದೂವರೆ. ಬಸ್ಸಿನ ತುಂಬ ನಿದ್ದೆ.
ಬುಡನ್ ಸಾಬ್ ಗೇರು ಬದಲಿಸುತ್ತ
ಕನ್ನಡಿಯಲ್ಲಿ ನನ್ನ ಮುಖ ಕಂಡು ಕೇಳಿದ:
"ಏನಾಯ್ತೋ ಮಾರಾಯ, ಲೆಕ್ಕ ತಪ್ಪಿತೋ?"

ಲೆಕ್ಕ ಸರಿಯಿತ್ತು.
ಯಲ್ಲಾಪುರದ ಸ್ಟ್ಯಾಂಡಿನಲ್ಲಿ ನಾಲ್ಕು ಮಿರ್ಚಿಭಜಿ,
ಅದರ ಮೇಲೆ ಖಡಕ್ ಚಹಾ,
ಚಹಾದ ಮೇಲೆ ಒಂದು ಚಿಟಿಕೆ ತಂಬಾಕು,
ಟಿಕೆಟ್ ಕೊಟ್ಟು ಮುಗಿಸಿ ಹಿಂದಿನ ಉದ್ದ ಸೀಟಿನಲ್ಲಿ ಅಡ್ಡಾದೆ,
ಹೊಟ್ಟೆಗೆ ಬಿಗಿದ ಬೆಲ್ಟು, ಬೆಲ್ಟಿನ ಮೇಲೆ
ಚಿಲ್ಲರೆ ತುಂಬಿದ ಚರ್ಮದ ಚೀಲ.
ಹದಿನೇಳು ವರ್ಷದಿಂದ ಇದೇ ರೂಟು, ಇದೇ ಊಟ.

ಹುಳಿನೀರು ಗಂಟಲವರೆಗೆ ಏರಿ ಇಳಿಯಿತು.
ಅಪ್ಪ ನೆನಪಾದ.
ಬೈತಖೋಲದ ಧಕ್ಕೆಯಲ್ಲಿ ಬಲೆ ಮಡಿಸುತ್ತ
"ಸ್ವಲ್ಪ ಉರೀತದೆ" ಅಂದವನು
ಬಲೆಯ ಮೇಲೇ ಒರಗಿ ಉಳಿದಿದ್ದ.

ಕಾರವಾರ ಮುಟ್ಟಿ, ಡಿಪೋದಲ್ಲಿ ಹಣ ಎಣಿಸಿ ಕಟ್ಟಿ,
ರಸೀದಿ ಜೇಬಿಗಿಟ್ಟುಕೊಂಡು ಆಸ್ಪತ್ರೆಗೆ ಹೋದೆ.
"ಎದೆ ಹಿಡಿದುಕೊಂಡು ಮೊದಲು ಕ್ಯಾಶ್ ಕಟ್ಟಿದಿರಾ?"
ಡಾಕ್ಟರಮ್ಮ ರೆಬೆಲ್ಲೊ ಬೈದರು.
"ಇನ್ನೊಮ್ಮೆ ಹೀಗಾದರೆ ಬಸ್ಸೇ ಇಲ್ಲಿಗೆ ಬರಲಿ."
ತಂತಿ ಅಂಟಿಸಿದರು. ಕಾಗದದ ಮೇಲೆ
ಸಣ್ಣ ಸಣ್ಣ ಅಲೆಗಳು, ಭರತ ಇಳಿದ ಹೊತ್ತಿನವು.

"ಹೃದಯ ಸರಿಯಿದೆ. ಬೆಂಕಿ ಬಿದ್ದದ್ದು ನೆರೆಮನೆಗೆ.
ಹೊಟ್ಟೆಯ ಮೇಲ್ಗಡೆ ಒಂದು ಬಾಗಿಲಿದೆ;
ಒಳಗೆ ಹೋದದ್ದು ಹಿಂದೆ ಬಾರದಂತೆ ಮುಚ್ಚಬೇಕು.
ಬಾಗಿಲು ಹಾಕಲಾಗದಷ್ಟು ಮಂದಿ ತುಂಬಿದರೆ
ಏನಾಗುತ್ತದೆಂದು ಕಂಡಕ್ಟರಿಗೆ ನಾನು ಹೇಳಬೇಕೇ?"

ಹೇಳಬೇಕಿರಲಿಲ್ಲ.
ಜಾತ್ರೆಯ ದಿನ ಫುಟ್‌ಬೋರ್ಡಿನಲ್ಲಿ ನೇತಾಡುವವರು
ನನಗೆ ಗೊತ್ತು.

ಡಿಪೋದಲ್ಲಿ ಸುದ್ದಿ ಹಬ್ಬಿತು: "ದೇವು ಬಾಂದೇಕರನಿಗೆ ಎದೆಯುರಿಯಂತೆ."
"ಹೊಟ್ಟೆಯುರಿ ಇರಬೇಕು," ಅಂದ ಯಾರೋ,
"ಪೆಡ್ನೇಕರನಿಗೆ ಹಗಲು ಡ್ಯೂಟಿ ಸಿಕ್ಕಿತಲ್ಲ."
ನಗುವಾಗ ನಾನೂ ನಕ್ಕೆ.
ಅದಕ್ಕೊಂದು ಗುಳಿಗೆ ಕೇಳಲು
ಮರೆತೇಬಿಟ್ಟಿದ್ದೆ.

ಮನೆಯಲ್ಲಿ ಆಡಳಿತ ಬದಲಾಯಿತು.
ಸೂರ್ಯ ಕಡಲಿಗೆ ಮುಟ್ಟುವ ಮೊದಲೇ ನನ್ನ ಊಟ.
ಬಂಗಡೆಯ ಮೇಲಿನ ಮಸಾಲೆ
ಕೆಂಪಿನಿಂದ ಇಳಿದು ಇಳಿದು ಅರಿಸಿನಕ್ಕೆ ಬಂದು ನಿಂತಿತು.
ಯಲ್ಲಾಪುರಕ್ಕೆ ಡಬ್ಬಿಯಲ್ಲಿ ಒಂದಿಷ್ಟೇ ಕುಚ್ಚಲಕ್ಕಿ ಗಂಜಿ.
ಮಿರ್ಚಿ ಕರಿಯುವವನು ದೂರದಿಂದಲೇ ಕೈ ಎತ್ತುತ್ತಾನೆ,
ನಾನು ಬೋರ್ಡು ಓದುವವನಂತೆ ನಿಲ್ಲುತ್ತೇನೆ.
ಅತ್ತೆಗೆ ಮುರುಗಲು ಸಾರಿನಲ್ಲಿ ಪೂರ್ತಿ ನಂಬಿಕೆ;
ಕುಡಿದೆ, ನನಗೆ ಇನ್ನಷ್ಟು ಉರಿಯಿತು.
ಅವರು ಇಂದಿಗೂ ತಪ್ಪು ಮುರುಗಲಿನದಲ್ಲ ಅನ್ನುತ್ತಾರೆ.
ಬೆಲ್ಟಿಗೆ ಎರಡು ಹೊಸ ತೂತು. ಚೀಲ ಈಗ ಹೆಗಲಿಗೆ.

ಮಂಚದ ತಲೆ ಎತ್ತರಿಸಬೇಕಂತೆ.
ಅರ್ಧಕ್ಕೆ ನಿಂತ ಹಿತ್ತಲಗೋಡೆಯಿಂದ
ಶೇವಂತಿ ಎರಡು ಚಿರೆಕಲ್ಲು ಹೊತ್ತು ತಂದಳು.
"ಎಷ್ಟೋ ವರ್ಷದಿಂದ ಗೋಡೆ ಮುಗಿಸು ಅಂದೆ,
ಕಲ್ಲು ಕೊನೆಗೆ ಇದಕ್ಕೆ ಬಂತು ನೋಡು."

ಇನ್ನೊಂದಿತ್ತು: ಎಡಮಗ್ಗುಲಿಗೇ ಮಲಗಬೇಕು.
ನಮ್ಮದು ದಕ್ಷಿಣಕ್ಕೆ ತಲೆ;
ಎಡಕ್ಕೆ ಕಿಟಕಿ, ಕಿಟಕಿಯಾಚೆ ಕಡಲು.
ಬಲಕ್ಕೆ ಅವಳು.
ರಜೆಯ ಎರಡು ರಾತ್ರಿ ನನ್ನ ಬೆನ್ನು ನೋಡಿದಳು.
ಮೂರನೆಯದಕ್ಕೆ ದಿಂಬು ಎತ್ತಿಕೊಂಡು
ನನ್ನನ್ನು ದಾಟಿ ಕಿಟಕಿಯ ಬದಿಗೆ ಬಂದಳು,
ಕಡಲಿಗೆ ಅಡ್ಡವಾಗಿ.

ಕತ್ತಲಲ್ಲಿ ಮುಖಕ್ಕೆ ಮುಖ.
ಎದೆ ತಣ್ಣಗಿತ್ತು. ಏನಾದರೂ ಒಳ್ಳೆಯ ಮಾತು
ಆಡಬೇಕೆಂದು ಬಾಯಿ ತೆರೆದೆ.

"ತಂಬಾಕು," ಅಂದಳು.
"ಇನ್ನೂ ಬಿಟ್ಟಿಲ್ಲ."