ಎರಡೂಕಾಲರ ಇಲಿ

ಮಾರ್ಗಶಿರ ಹುಟ್ಟಿತೆಂದರೆ ದುರ್ಗಿಗುಡಿಯಲ್ಲಿ
ಇಡ್ಲಿ ಹಿಟ್ಟಿಗೂ ಸೋಮಾರಿತನ.
ಜಲಜಕ್ಕನ ಮೆಸ್ಸಿಗೆ ಆರಕ್ಕೆಲ್ಲ
ಪೇಪರ್ ಹಾಕುವ ಹುಡುಗರು ಬಂದು ಕೂರುತ್ತಾರೆ.
"ಎಂತ ಮಾಡದು ನಸೀಮಾ, ರಾತ್ರಿ ಎರಡಕ್ಕೆ ಎದ್ದು
ಮುಚ್ಚಳ ತೆಗೆದು ನೋಡ್ಬೇಕು.
ನನ್ನ ನಿದ್ದೆ ದಿನಾ ಎರಡು ತುಂಡು."

ಪಕ್ಕದ ಅಂಗಡಿ ನನ್ನದು. ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ.
ಅಬ್ಬ ಬಿಟ್ಟುಹೋದ ಸ್ಕ್ರೂಡ್ರೈವರುಗಳು.
ಹಗಲೆಲ್ಲ ಹೊಟ್ಟೆಪಾಡು. ಶಟರ್ ಅರ್ಧ ಎಳೆದ ಮೇಲೆ
ಅಂಗೈ ಅಗಲದ ನೀಲಿ ಬೋರ್ಡು,
ಬಣ್ಣಬಣ್ಣದ ವೈರು, ಸೀಸ ಕರಗುವಾಗಿನ ರಾಳದ ಹೊಗೆ.
ಕಂದು, ಕಪ್ಪು, ಕಿತ್ತಳೆ: ಹತ್ತು ಸಾವಿರ ಓಮ್,
ಮಗ್ಗಿಯ ಹಾಗೆ ಬಾಯಿಪಾಠ.
ಈವರೆಗೆ ಮಾಡಿದ್ದೆಲ್ಲ ಯಾರಿಗೂ ಬೇಡದ್ದು.
ಚಪ್ಪಾಳೆಗೆ ಹೊತ್ತಿಕೊಳ್ಳುವ ದೀಪ,
ಗುಡುಗಿಗೂ ಹೊತ್ತಿಕೊಂಡಿತು.
ಬೆಕ್ಕು ಬಂದರೆ ಕೂಗುವ ಪೆಟ್ಟಿಗೆ,
ಬೆಕ್ಕು ಅದರ ಮೇಲೇ ಮಲಗಿತು.
ಅಕ್ಕ ಏನನ್ನೂ ಕೇಳಿರಲಿಲ್ಲ, ಗೊಣಗಿದ್ದಷ್ಟೇ.
ನನಗೆ ಅಷ್ಟು ಸಾಕಾಯಿತು.

ಎರಡು ಕಣ್ಣಿನ ಸೆನ್ಸರ್ ತಂದೆ. ಹೆಸರಿಗೆ ಕಣ್ಣು;
ನಿಜಕ್ಕೆ ಒಂದು ಬಾಯಿ, ಒಂದು ಕಿವಿ.
ಬಾಯಿ ನಮಗೆ ಕೇಳದ ಕೂಗು ಹಾಕುತ್ತದೆ,
ಕಿವಿ ಮರುದನಿಗೆ ಕಾಯುತ್ತದೆ.
ಬಾವಲಿಯ ವಿದ್ಯೆ, ಬೆಲೆ ನೂರಿಪ್ಪತ್ತು.
ಪಾತ್ರೆಯ ಮುಚ್ಚಳಕ್ಕೆ ಎರಡು ತೂತು ಕೊರೆದೆ.
"ನನ್ನ ಮದುವೆ ಕಾಲದ ಮುಚ್ಚಳ ಅದು" ಎಂದಳು ಜಲಜಕ್ಕ,
ತೂತು ಬಿದ್ದ ಮೇಲೆ.

ಮೊದಲನೆಯದು ಹಿಟ್ಟಿಗೆ ಬಿದ್ದು ಸತ್ತಿತು.
ನಲ್ಲಿಗೆ ಹಿಡಿದು ತಿಕ್ಕಿ ತೊಳೆದು
ಸಂಡಿಗೆಯ ಪಕ್ಕ ಬಿಸಿಲಿಗಿಟ್ಟಳು. ಬದುಕಲಿಲ್ಲ.
ಎರಡನೆಯದಕ್ಕೆ ಬೆವರು; ಆವಿ ಹನಿಗಟ್ಟಿ
ಬಾಯಿಗೆ ಬಂದ ಅಂಕಿಯೆಲ್ಲ ಒದರಿತು.
ಮೂರನೆಯದಕ್ಕೆ ಪೌಡರ್ ಡಬ್ಬಿ ಕತ್ತರಿಸಿ ಕೊರಳಪಟ್ಟಿ ಮಾಡಿದೆ.
ನಿಂತಿತು.

ರಾತ್ರಿ ಹತ್ತಕ್ಕೆ ಹಿಟ್ಟು ಹದಿನಾಲ್ಕು ಸೆಂಟಿಮೀಟರ್ ಕೆಳಗೆ.
ಹನ್ನೊಂದಕ್ಕೂ ಹದಿನಾಲ್ಕೇ.
ಒಂದಕ್ಕೆ ಹನ್ನೆರಡೂವರೆ.
ಆರಕ್ಕೆ ಬಂದರೆ ಬಜರ್ ಕೂಗಲಿ ಎಂದು ಬರೆದಿಟ್ಟೆ.
"ಇನ್ನು ಮಲಗು ಅಕ್ಕ, ಅದೇ ಎಬ್ಬಿಸುತ್ತೆ."

ಬೆಳಿಗ್ಗೆ ಫೋನಿನಲ್ಲಿ ಗೆರೆ ನೋಡಿದೆ.
ಹಿಟ್ಟು ಏರಿದಷ್ಟೂ ಗೆರೆ ಇಳಿಯಬೇಕು. ಇಳಿಯುತ್ತಿದ್ದದ್ದು
ಎರಡೂಕಾಲಿಗೆ ಒಮ್ಮೆಲೇ ಕೋಡು ಮೂಡಿಸಿದೆ:
ಇನ್ನೂರ ಹನ್ನೆರಡು.
ಅಷ್ಟು ಆಳ ಯಾವ ಪಾತ್ರೆಗಿದೆ? ಅದು ಎದುರು ಗೋಡೆ.
ಮರುದಿನವೂ ಹಾಗೇ. ಅದರ ಮರುದಿನವೂ.
"ಇದೆಂತದು ಕೋಡು?"
"ಇಲಿ ಇರಬೇಕಕ್ಕ."
"ಇಲೀನೇ ಇರ್ಬೇಕು" ಎಂದು ಚಟ್ನಿ ಬಡಿಸಿದಳು,
ಮುಖ ಎತ್ತದೆ.

ಕೋಡು ಅಳಿಸಲು ಮೂರು ಸಾಲು ಕೋಡು ಸಾಕು.
ಬರೆದೆ. ಆಮೇಲೆ ಪ್ರತಿ ಸಾಲಿನ ಮುಂದೆ
ಎರಡು ಓರೆಗೆರೆ ಎಳೆದು ಮೂರನ್ನೂ ಮಲಗಿಸಿದೆ.

ಪುಷ್ಯದ ಒಂದು ರಾತ್ರಿ ಕೋಡು ಬರಲಿಲ್ಲ.
ಎರಡೂಕಾಲು. ಎರಡೂವರೆ.
ಗೆರೆ ತನ್ನ ಪಾಡಿಗೆ ಇಳಿಯುತ್ತಿದೆ.
ಹಿಟ್ಟಿನ ಸಮಾಚಾರ ಅಂಗೈಯಲ್ಲಿ,
ಅಕ್ಕನದು ಯಾವ ಪಿನ್ನಿಗೂ ಜೋಡಿಸಿಲ್ಲ.
ಶಾಲು ಹೊದ್ದು ಇಳಿದೆ. ಸೆನ್ಸರ್ ನೋಡಲೆಂದು
ಕೊಟ್ಟ ಕೀಲಿ ನನ್ನ ಬಳಿಯೇ ಇತ್ತು.
ಬೆಂಚಿನ ಮೇಲೆ ಬಾಯಿ ತೆರೆದು ಮಲಗಿದ್ದಾಳೆ,
ಬುಷ್ ಸವೆದ ಮಿಕ್ಸಿಯ ಗೊರಕೆ.

ಅಷ್ಟು ನೋಡಿ ವಾಪಸು ಬರಬೇಕಿತ್ತು.
ಬೋರ್ಡಿನ ಹಸಿರು ದೀಪ ಮಿಟುಕುತ್ತಿತ್ತು,
ಫೋನು ಎಂಟು ಸೆಂಟಿಮೀಟರ್ ಎಂದು ಹೇಳಿಯೂ ಇತ್ತು.
ಆ ಕೂಗು ನಾನೇ ಕಟ್ಟಿದ್ದು, ಆ ಕಿವಿ ನಾನೇ ಕೂರಿಸಿದ್ದು.
ಆದರೂ ಕೈ ಕೇಳಲಿಲ್ಲ.
ಮುಚ್ಚಳ ಎತ್ತಿದೆ.
ಬೆಚ್ಚನೆ ಹುಳಿ ವಾಸನೆ.
ಒಂದು ಗುಳ್ಳೆ ಉಬ್ಬಿತು, ಸ್ವಲ್ಪ ಯೋಚಿಸಿ
ಒಡೆಯಿತು.

ಬೆಳಿಗ್ಗೆ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಇಡ್ಲಿ ಹಾಕಿ
ಫೋನು ತನ್ನ ಕಡೆ ತಿರುಗಿಸಿಕೊಂಡಳು ಜಲಜಕ್ಕ.
ಹಿಟ್ಟಂಟಿದ ಬೆರಳು ಎರಡೂ ಮುಕ್ಕಾಲಿನ ಮೇಲೆ.
"ನಿನ್ನೆ ನಾನು ಎದ್ದೇ ಇಲ್ಲ.
ಇದು ಯಾವೂರ ಇಲಿ ಮಾರಾಯ್ತಿ?"