ಎರಡು ಗುರುತುಗಳ ನಡುವೆ

ನಾಲ್ಕು ಸಾವಿರ ಸಲ ಓಡಿಸಿದರೆ ಒಂದು ಸಲ
ನಿಲ್ಲುತ್ತದೆ.
ಬೀಳುವುದಿಲ್ಲ, ಬೈಯುವುದಿಲ್ಲ, ಸುಮ್ಮನೆ
ನಿಲ್ಲುತ್ತದೆ.

ತಾರ್ತುವಿನಲ್ಲಿ ಮಾರ್ಚ್. ಎಮಾಯೊಗಿ ಹೊಳೆಯ ಮೇಲೆ
ಹಿಮಗಡ್ಡೆ ರಾತ್ರಿಯಿಡೀ ಲಟಲಟ ಮುರಿಯುತ್ತಿದೆ.
ಮೂರನೆಯ ದಿನವೂ ಅದೇ ಸ್ವೆಟರಿನಲ್ಲಿ ಮಾರಿಕಾ
ಕಾದು ಕೂತಿದ್ದಾಳೆ, ನಿಲ್ಲಲಿ ಎಂದು.
ಸರಿಯಾಗಿ ನಡೆದಾಗಲೆಲ್ಲ ಶಪಿಸುತ್ತಾಳೆ.

ಒಳಗಿರುವುದು ಬೇರೆ ಪ್ರೊಸೆಸರಿಗೆಂದು ಹುಟ್ಟಿದ ಪ್ರೋಗ್ರಾಮು.
ಅತಿಥಿ. ತನ್ನ ಮನೆಯಲ್ಲೇ ಇದ್ದೇನೆಂದು ನಂಬಿದೆ.
ಓದಬೇಕು ಎನ್ನುತ್ತದೆ ತನ್ನ ನುಡಿಯಲ್ಲಿ;
ಎಮ್ಯುಲೇಟರೆಂಬ ದುಭಾಷಿ ಅದನ್ನು ತಿರುಗಿಸಿ
ಇಲ್ಲಿಯ ಕರ್ನಲ್ಲಿಗೆ ಹೇಳುತ್ತದೆ, ಉತ್ತರ ತಂದು ಕೊಡುತ್ತದೆ,
ತಪ್ಪುಗಳ ನಂಬರನ್ನೂ ತಪ್ಪದೆ ತಿರುಗಿಸಿ.

ಸಿಗ್ನಲ್ಲು ಮಾತ್ರ ಹೇಳಿ ಕೇಳಿ ಬರುವುದಲ್ಲ.
ದುಭಾಷಿ ಬಾಗಿಲು ನೋಡಿತು: ಯಾರೂ ಇಲ್ಲ.
ಸರಿ, ಕರೆ ಮಾಡಿ ಮಲಗೋಣವೆಂದು ತಿರುಗಿತು.
ನೋಡಿದ್ದಕ್ಕೂ ಮಲಗಿದ್ದಕ್ಕೂ ನಡುವೆ
ಎವೆಯ ಒಂದು ಕೂದಲಿನಷ್ಟು ಸಂದು.
ಆ ಸಂದಿನಲ್ಲಿ ಕರೆಗಂಟೆ ಸದ್ದಾಯಿತು.
ಕೇಳಿಸಿತು ಕೂಡ. ಚೀಟಿಯಲ್ಲಿ ಬರೆಯಿತು:
ಯಾರೋ ಬಂದಿದ್ದಾರೆ, ಎದ್ದ ಮೇಲೆ ಹೇಳಬೇಕು.
ಬರೆದಿಟ್ಟು ಮಲಗಿತು.

ಚೀಟಿಯಲ್ಲಿದ್ದವನೇ ಅದನ್ನು ಎಬ್ಬಿಸಬೇಕಾದವನು.

ಅಮ್ಮ ಸಲ್ಮೆ ನಾರ್ವಾದ ಕೋರ್ಟಿನಲ್ಲಿ
ಇಪ್ಪತ್ತು ವರ್ಷ ಎರಡು ಭಾಷೆಗಳ ನಡುವೆ ನಿಂತವಳು.
ಫೋನಿನಲ್ಲಿ ಇದನ್ನೆಲ್ಲ ಕೇಳಿ, ತಡೆದು, ಅಂದಳು:
ಒಬ್ಬ ಮೀನುಗಾರ ಕೈ ಎತ್ತಿದ್ದ ಕಣೇ.
ನ್ಯಾಯಾಧೀಶರ ಉದ್ದನೆಯ ವಾಕ್ಯವೊಂದು ಆಗ ನನ್ನ ಬಾಯಲ್ಲಿತ್ತು.
ನೋಡಿದೆ. ಮುಗಿಸಿ ಹೇಳೋಣ ಅಂದುಕೊಂಡೆ.
ವಾಕ್ಯ ಮುಗಿದಾಗ ತೀರ್ಪೂ ಮುಗಿದಿತ್ತು,
ಅವನು ಕೈ ಇಳಿಸಿದ್ದ.
ಏನು ಹೇಳಬೇಕಿತ್ತೋ.
ಆಮೇಲೆ ಮಾತು ಬೆಣ್ಣೆಯ ಬೆಲೆಗೆ ಹೋಯಿತು.

ನಸುಕಿನಲ್ಲಿ ಮಾರಿಕಾ ಬರೆದದ್ದು ಹದಿನೇಳು ಸಾಲು,
ಬರಿಯ ಅಸೆಂಬ್ಲಿ. ಸಂದಿನ ಈ ತುದಿಗೊಂದು ಗುರುತು,
ಆ ತುದಿಗೊಂದು.
ಗಂಟೆ ಕೇಳಿದಾಗ ಕಾಲು ಇವೆರಡರ ನಡುವೆ ಇದ್ದರೆ
ಹಿಂದಕ್ಕೆ ಬಾ, ಹೊರಟೇ ಇರಲಿಲ್ಲವೆಂಬಂತೆ.
ಬಾಗಿಲು ಇನ್ನೊಮ್ಮೆ ನೋಡು.

ಓಡಿಸಿದಳು. ನಾಲ್ಕು ಸಾವಿರ, ಎಂಟು, ಹದಿನಾರು.
ನಲವತ್ತು ಸಾವಿರಕ್ಕೆ ಎದ್ದು ಸ್ವೆಟರು ಬಿಚ್ಚಿದಳು.

ಸ್ನಾನದ ನೀರು ಇನ್ನೂ ಬಿಸಿಯಾಗಿರಲಿಲ್ಲ,
ಎಲ್ಲೋ ಏನೋ ಸದ್ದಾದಂತೆ.
ನಲ್ಲಿ ನಿಲ್ಲಿಸಿದಳು. ಕಿವಿಗೊಟ್ಟಳು.
ಒದ್ದೆ ಹೆಜ್ಜೆಯಲ್ಲಿ ಬಾಗಿಲ ತನಕ ಹೋಗಿ ತೆರೆದಳು.

ಯಾರೂ ಇರಲಿಲ್ಲ. ಕೆಳಗೆ ಹೊಳೆ,
ಒಡೆದ ಗಡ್ಡೆಗಳನ್ನು ಒಂದಕ್ಕೊಂದು ತಾಗಿಸುತ್ತ.